ಹೊಳೆ ದಂಡೆಯ ಹಳೆಯ ಇಂಜಿನ್

ಮೊಮ್ಮಕ್ಕಳೇ, ನೀವು ಗಣಿತ ಓದುವಾಗ ನಾನೇಕೆ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತೇನೆ ಎಂದು ಕೇಳಿದ್ದಿರಿ. ನಾಲ್ಕು ಜನರೆದುರು ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮೇಡ್ಲೇರಿಯ ಹೊಲ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಹೊಳೆ ದಂಡೆಯಲ್ಲಿ ನೀರೆತ್ತಲು ನಮ್ಮದೊಂದು ಕರೆಂಟಿನ ಮೋಟಾರು, ಅದರ ಪಕ್ಕದಲ್ಲೇ ಹಳೆಯ ಡೀಸೆಲ್ ಇಂಜಿನ್. ಇಂಜಿನ್ ಬೇಕಾಗುತ್ತಿದ್ದುದು ಅಪರೂಪ. ಆದರೂ ಅಜ್ಜ ಅಮಾವಾಸ್ಯೆಗೊಮ್ಮೆ ಅದನ್ನು ಒರೆಸಿ, ಎಣ್ಣೆ ನೋಡಿ, ಸ್ವಲ್ಪ ಹೊತ್ತು ಓಡಿಸಿ ಬರುತ್ತಿದ್ದರು.

ಆ ವರ್ಷ ಹೊಲದ ತುಂಬ ಬ್ಯಾಡಗಿ ಮೆಣಸಿನಕಾಯಿಯ ಸಸಿ ಹಚ್ಚುವುದಿತ್ತು. ಹಚ್ಚಿದ ಹೊಸತರಲ್ಲಿ ನೀರು ತಪ್ಪಿದರೆ ಸಸಿ ಮತ್ತೆ ಏಳುವುದಿಲ್ಲ. ನಾನೇ ಮುಂದೆ ನಿಂತು ಮಾಡಿಸುತ್ತಿದ್ದ ಮೊದಲ ಬೆಳೆ ಅದು. ಅದೇ ಹೊತ್ತಿಗೆ ನನ್ನ ಮೈದುನ, ಅಂದರೆ ನಿಮ್ಮ ಸಣ್ಣಜ್ಜ, ಬಂದು ಒಂದು ಮಾತು ತೆಗೆದರು.

"ವೈನಿ, ಆ ಹಳೇ ಇಂಜಿನ್ ಕೊಟ್ಟುಬಿಡೂಣು. ರಾಣೆಬೆನ್ನೂರಾಗ ಒಬ್ಬ ಅಂಗಡಿಯವ ಅದನ್ನ ತಗೊಂಡು ಇನ್ನೊಂದು ಕರೆಂಟ್ ಮೋಟಾರ್ ಕೊಡ್ತಾನಂತ. ಒಂದು ಕೆಟ್ರ ಇನ್ನೊಂದು ಇರತೈತಿ."

ಸಂಜೆ ಹೇಳುತ್ತೇನೆ ಎಂದೆ. ನಿಮ್ಮ ಅಕ್ಕ ಆಗ ಪಿಯುಸಿ ಪರೀಕ್ಷೆಗೆ ಓದಲು ನನ್ನ ಬಳಿ ಬಂದಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಬಾಗಿಲಲ್ಲಿ ಕುಳಿತು ಸಂಭವನೀಯತೆಯ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದು ಯಂತ್ರಕ್ಕೆ ಎರಡು ಭಾಗ, ಎರಡೂ ನಡೆದರೆ ಮಾತ್ರ ಯಂತ್ರ ನಡೆಯುತ್ತದೆ, ಒಂದೊಂದೂ ನೂರರಲ್ಲಿ ತೊಂಬತ್ತು ಸಲ ನಡೆಯುತ್ತದೆ. ಉತ್ತರ ಎಂಬತ್ತೊಂದು ಎಂದಳು.

"ಎರಡೂ ಚಲೋ ಇದ್ದು ಕಡಿಮಿ ಹೆಂಗಾತು?" ಎಂದೆ.

"ಮೊದಲಿಂದು ನೂರರಾಗ ಹತ್ತು ಸಲ ಕೈ ಕೊಡತೈತಿ. ಉಳಿದ ತೊಂಬತ್ತರಾಗ ಎರಡನೇದು ಒಂಬತ್ತು ಸಲ ಕೈ ಕೊಡತೈತಿ. ಅಲ್ಲಿಗೆ ಎಂಬತ್ತೊಂದಽ ಉಳೀತಲ್ಲ ಅಜ್ಜಿ."

ಮುಂದಿನ ಲೆಕ್ಕದಲ್ಲಿ ಎರಡು ಪಂಪು, ಒಂದೊಂದೂ ಹಾಗೆಯೇ ನೂರರಲ್ಲಿ ತೊಂಬತ್ತು ಸಲ ನಡೆಯುವುದು. ಯಾವುದಾದರೂ ಒಂದು ನಡೆದರೆ ಸಾಕು. ಎರಡೂ ಒಟ್ಟಿಗೆ ಕೆಡುವುದು ನೂರರಲ್ಲಿ ಒಂದೇ ಸಲ, ತೊಂಬತ್ತೊಂಬತ್ತು ಸಲ ನೀರು ಬರುತ್ತದೆ. ಇದು ನನಗಾಗಿಯೇ ಬರೆದ ಲೆಕ್ಕ ಅನ್ನಿಸಿತು. ಸಂಜೆ ಮೈದುನ ಬಂದಾಗ ಆಗಲಿ ಎಂದು ತಲೆಯಾಡಿಸಿದೆ.

ಅವರು ಹೋದ ಮೇಲೆ ಮೊಮ್ಮಗಳಿಗೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ಅಜ್ಜಿ, ನಮ್ಮ ಮೋಟಾರ್ ನಿಂತಾಗೆಲ್ಲ ಯಾತಕ್ಕ ನಿಂತಿರತೈತಿ?"

"ಮತ್ಯಾತಕ್ಕ, ಕರೆಂಟ್ ಹೋಗಿರತೈತಿ."

"ಕರೆಂಟ್ ಹೋಗೇತಿ ಅಂತ ಗೊತ್ತಾದ ಮ್ಯಾಲೆ ಎರಡನೇ ಮೋಟಾರ್ ನಡಿಯೂ ಭರವಸೆ ಎಷ್ಟು?"

"ಒಂದು ಸಲಾನೂ ನಡ್ಯಂಗಿಲ್ಲ."

"ಇಂಜಿನ್ನಿಂದು?"

"ಅದಕ್ಕ ಕರೆಂಟಿನ ಹಂಗಿಲ್ಲ. ಹತ್ತರಾಗ ಒಂಬತ್ತು ಸಲ ಚಾಲೂ ಆಗತೈತಿ."

"ಪುಸ್ತಕದಾಗಿನ ತೊಂಬತ್ತೊಂಬತ್ತು ಒಂದರ ಹಂಗು ಇನ್ನೊಂದಕ್ಕಿಲ್ಲದಾಗ ಮಾತ್ರ. ಇಂಜಿನ್ ಇಟ್ಕೊಂಡ್ರ ಅದು ಹೊಂದತೈತಿ. ಎರಡು ಮೋಟಾರ್ ಆದ್ರ ಹೊಂದಂಗಿಲ್ಲ."

ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ನನಗೆ ಸಸಿ ಹಚ್ಚಿಸುವುದಕ್ಕಿಂತ ಕಷ್ಟವಾಗಿತ್ತು. ಬೆಳಿಗ್ಗೆ ಅವಳ ಕೈ ಹಿಡಿದುಕೊಂಡೇ ಮೈದುನರ ಮನೆಗೆ ಹೋದೆ. ತಲೆಬಾಗಿಲಲ್ಲೇ ನಿಂತು, "ಇಂಜಿನ್ ಇರಲಿ ಅಂತ ಮಾಡೇನ್ರಿ" ಎಂದೆ.

"ನಿನ್ನೆ ಹೂಂ ಅಂದ್ರಿ. ರಾತ್ರ್ಯಾಗ ಯಾರು ಕಿವಿ ಊದಿದ್ರು?"

ಮೊಮ್ಮಗಳು ಲೆಕ್ಕ ಬಿಡಿಸಿ ಹೇಳಿದಳು. ಅವರು ಪೂರ್ತಿ ಕೇಳಿ, "ಪಿಯುಸಿ ಮಾಸ್ತರಿಣಿ ಹೇಳಿದ ಮ್ಯಾಲೆ ಮುಗೀತು. ಚಾ ಕುಡದು ಹೋಗ್ರಿ" ಎಂದರು. ಮುಖ ಮಾತ್ರ ಸಣ್ಣದಾಗಿತ್ತು.

ಸಸಿ ಹಚ್ಚಿದ ಮೂರನೆಯ ದಿನ ಬಿರುಗಾಳಿಗೆ ಐರಣಿ ಕಡೆಯ ಕಂಬಗಳು ಬಿದ್ದವು. ಕರೆಂಟು ಹೋಯಿತು, ಮರುದಿನವೂ ಬರಲಿಲ್ಲ. ಬಿಸಿಲಿಗೆ ಸಸಿಗಳು ತಲೆ ಬಾಗಿಸಿದ್ದವು. ಇಂಜಿನ್ನಿನ ಹ್ಯಾಂಡಲ್ ತಿರುಗಿಸುವ ಶಕ್ತಿ ನನಗಿಲ್ಲ, ಮತ್ತೆ ಮೈದುನರ ಬಾಗಿಲಿಗೆ ಹೋಗಲು ಮುಖವಿಲ್ಲ. ಏನು ಮಾಡುವುದೆಂದು ಹೊಳೆ ದಂಡೆಗೆ ಹೋದರೆ, ಅವರು ನನಗಿಂತ ಮೊದಲೇ ಬಂದು ಇಂಜಿನ್ ಒರೆಸುತ್ತಿದ್ದರು.

"ನಿಮ್ಮ ಮೊಮ್ಮಗಳ ಲೆಕ್ಕ ಹ್ಯಾಂಡಲ್ ಹೊಡ್ಯಂಗಿಲ್ಲ ವೈನಿ, ಅದಕ್ಕ ನಾನಽ ಬೇಕು" ಎಂದರು.

ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಅದು ಓಡಿತು. ಕಾಲುವೆಯಲ್ಲಿ ನೀರು ಬಂದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕರೆಂಟು ಬರುವವರೆಗೂ ಅವರು ದಿನಾ ಬಂದು ಹ್ಯಾಂಡಲ್ ಹೊಡೆದರು.

ಆ ಬೆಳೆಯನ್ನು ಬ್ಯಾಡಗಿ ಪೇಟೆಗೆ ಕಳಿಸುವ ಮೊದಲು, ಒಳ್ಳೆಯ ಕಾಯಿ ಆರಿಸಿ ಕುಟ್ಟಿಸಿ ಅವರ ಮನೆಗೆ ಖಾರದ ಪುಡಿ ಕೊಟ್ಟುಬಂದೆ. ಅಜ್ಜ ಆ ಇಂಜಿನ್ನನ್ನು ಅಷ್ಟು ಜೋಪಾನ ಮಾಡಿದ್ದೇಕೆ ಎಂದು ನಾನು ಎಂದೂ ಕೇಳಿರಲಿಲ್ಲ. ಈಗ ಅಮಾವಾಸ್ಯೆಗೆ ಅದನ್ನು ಒರೆಸುವವಳು ನಾನು. ಒರೆಸುವಾಗ ಅಜ್ಜನ ಜೊತೆಗೆ ನಿಮ್ಮ ಅಕ್ಕನನ್ನೂ ನೆನೆಯುತ್ತೇನೆ. ಎಣ್ಣೆ ನೋಡುವ ಹೊತ್ತಿಗೆ ಸಣ್ಣಜ್ಜ ಬಂದಿರುತ್ತಾರೆ, ಹ್ಯಾಂಡಲ್ ಹೊಡೆಯಲು.