ಜಲಜಕ್ಕನ ಕೋಣೆಯ ತಂಪು

ಬೆಳಕು ಹರಿಯುವ ಮೊದಲೇ ಕುಂದಾಪುರದ ಬಳಿಯ ಹೆಮ್ಮಾಡಿಯಲ್ಲಿ, ಹೆದ್ದಾರಿ ಬದಿಯ ಒಂದು ಹೆಂಚಿನ ಕಟ್ಟಡದಲ್ಲಿ ಗದ್ದಲ. ಮೀನು ಮಾರುವ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದಾರೆ. ಒಳಗೆ ಶೀತಲ ಕೋಣೆಯಲ್ಲಿ, ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟ ಜಲಜ ಮೊಗವೀರ ಬಂಗುಡೆ ಮೀನಿನ ಪೆಟ್ಟಿಗೆಗಳನ್ನು ಎಳೆದು ಕೊಡುತ್ತಿದ್ದಾರೆ. "ಹ್ವಾಯ್, ಬಾಗ್ಲ್ ಹಾಕಿ ಮಾರ್ರೆ, ತಂಪೆಲ್ಲ ಹೊರಗ್ ಹೋತ್ತ್!" ಎನ್ನುತ್ತಲೇ ಅವರ ಕಣ್ಣು ಗೋಡೆಯತ್ತ ಹೊರಳುತ್ತದೆ. ಅಲ್ಲಿ ಬೆಂಕಿಪೊಟ್ಟಣದ ಗಾತ್ರದ ಒಂದು ಡಬ್ಬಿ ಇದೆ.

ಅದು ಕೋಣೆಯ ತಾಪ ಅಳೆಯುವ ಸೆನ್ಸರ್. ಊರಿನಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ರತನ್ ಅಗ್ಗದ ಬಿಡಿಭಾಗ ತರಿಸಿ ಜೋಡಿಸಿಕೊಟ್ಟದ್ದು. ಕೋಣೆ ಬಿಸಿಯಾದರೆ ಇಂಟರ್ನೆಟ್ ಮೂಲಕ ಜಲಜರ ಮೊಬೈಲಿಗೆ ಸುದ್ದಿ ಮುಟ್ಟುತ್ತದೆ, ಮೊಬೈಲ್ ಬೊಬ್ಬೆ ಹಾಕುತ್ತದೆ.

ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಮನೆಮನೆ ತಿರುಗಿದವರು ಜಲಜ. ಮಂಡಿ ಸೋತಾಗ ಮಹಿಳಾ ಸಂಘದವರು ಈ ಕೋಣೆ ನೋಡಿಕೊಳ್ಳಲು ಕೊಟ್ಟರು. ಸೆನ್ಸರ್ ಬರುವ ಮೊದಲು ಒಮ್ಮೆ ತಂಪಿನ ಯಂತ್ರ ಕೈಕೊಟ್ಟು, ಹೆಂಗಸರ ಮೀನೆಲ್ಲ ಕೊಳೆತು ಗೊಬ್ಬರವಾಗಿ ತೆಂಗಿನ ಬುಡ ಸೇರಿತ್ತು. "ಮುಂಚೆ ಮೂಗೇ ಹೇಳ್ಕಿತ್ತ್. ಮೂಗ್ ಹೇಳುವಷ್ಟೊತ್ತಿಗೆ ಎಲ್ಲ ಕೆಟ್ ಹೋಯಿತ್ತ್," ಎನ್ನುತ್ತಾರೆ. ಇನ್ನೊಮ್ಮೆ ಹಾಗಾದರೆ ಕೋಣೆಗೆ ಬೀಗ ಎಂದು ಸಂಘ ತೀರ್ಮಾನಿಸಿತ್ತು. ಬೀಗ ಬಿದ್ದರೆ ಜಲಜರಿಗೆ ಮತ್ತೆ ಬುಟ್ಟಿಯೇ ಗತಿ.

ಡಬ್ಬಿಯ ಮಾನ ಹೋದದ್ದೂ ಉಳಿದದ್ದೂ ಒಂದೇ ದಿನ, 2017ರ ಆಯುಧ ಪೂಜೆಯಂದು. ರೂಢಿಯಂತೆ ತಂಪಿನ ಯಂತ್ರ ನಿಲ್ಲಿಸಿ, ತೊಳೆದು, ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿದರು. ಸಂಘದ ಅಧ್ಯಕ್ಷೆ ಅಮ್ಮಣ್ಣಿಯವರಿಗೆ ಗೋಡೆಯ ಡಬ್ಬಿ ಕಂಡಿತು. "ಇಷ್ಟ್ ದಿನ ನಮ್ಮನ್ ಕಾದದ್ದ್, ಇದ್ಕೊಂದ್ ಆರತಿ ಬ್ಯಾಡ್ದಾ?" ಎಂದು ಉರಿಯುವ ಆರತಿಯನ್ನು ಅದರ ಮೂತಿಗೇ ಹಿಡಿದರು. ಜಲಜರ ಮೊಬೈಲ್ ಕಿರುಚಿಕೊಂಡಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಪಂಚಕಜ್ಜಾಯ ಹಂಚಿ, ಬಾಗಿಲು ಹಾಕಿ, ಎಲ್ಲರೂ ಅಮ್ಮಣ್ಣಿಯವರ ಮನೆಯ ಹಬ್ಬದೂಟಕ್ಕೆ ಹೊರಟರು.

ಊಟದ ಎಲೆಯ ಮುಂದೆ ಮೊಬೈಲ್ ಮತ್ತೆ ಕಿರುಚಿತು.

"ಆರತಿ ಬಿಸಿಗ್ ಅದ್ರ್ ತಲಿ ಕೆಟ್ಟಿತ್ತ್. ನೀ ಉಣ್," ಎಂದರು ಅಮ್ಮಣ್ಣಿ.

ಜಲಜರಿಗೂ ಹಾಗೇ ಅನ್ನಿಸಿತು. ಆದರೂ ಕೈ ತೊಳೆದರು. "ಅದ್ರ್ ತಲಿ ಕೆಟ್ಟಿತ್ತೋ, ನಮ್ದೋ, ಕಂಡ್ಕಂಡ್ ಬತ್ತೆ."

ಬಾಗಿಲ ಬಳಿ ಬಂದರೆ ಯಂತ್ರದ ಸದ್ದೇ ಇಲ್ಲ. ಪೂಜೆಗೆಂದು ಆರಿಸಿದ್ದ ಸ್ವಿಚ್ಚನ್ನು ಯಾರೂ ಮತ್ತೆ ಹಾಕಿರಲಿಲ್ಲ, ಅವಳು ಹಾಕಿರುತ್ತಾಳೆಂದು ಇವಳು, ಇವಳು ಹಾಕಿರುತ್ತಾಳೆಂದು ಅವಳು. ಪೆಟ್ಟಿಗೆಗಳ ಐಸ್ ಆಗಲೇ ನೀರಾಗುತ್ತಿತ್ತು. ಸ್ವಿಚ್ ಒತ್ತಿದ ಜಲಜ ಯಂತ್ರ ಗುರುಗುಟ್ಟುವವರೆಗೂ ಉಸಿರು ಬಿಡಲಿಲ್ಲವಂತೆ. ಮೀನು ಉಳಿಯಿತು, ಕೋಣೆಯೂ ಉಳಿಯಿತು. ಮರುದಿನ ಅಮ್ಮಣ್ಣಿ ತಾವೇ ಬಂದು ಡಬ್ಬಿಗೊಂದು ಹೂವಿಟ್ಟು ಕೈಮುಗಿದರು. ಆರತಿ ಮಾತ್ರ ತರಲಿಲ್ಲ.

ಮುಂದೇನು ಆಸೆ ಎಂದು ಕೇಳಿದರೆ ಜಲಜ ನಾಚಿ ನಗುತ್ತಾರೆ. ಖಾಲಿ ಪೆಟ್ಟಿಗೆ ಬದಿಗಿಟ್ಟು ಸ್ವೆಟರಿನ ತೋಳು ಎಳೆದುಕೊಳ್ಳುತ್ತಾರೆ.

"ಆಸಿ ಎಂತ ಮಾರ್ರೆ? ಇಪ್ಪತ್ ವರ್ಷ ಬುಟ್ಟಿ ಹೊತ್ತೆ, ನನ್ನ್ ಹೆಸ್ರ್ ಯಾರೂ ಕೇಣ್ಲಿಲ್ಲ. ಈಗ ಕುಂದಾಪ್ರ ಪ್ಯಾಟಿಯಗೆ ಜನ 'ಜಲಜಕ್ಕನ ಕೋಣಿ ಮೀನ್ ಇತ್ತಾ' ಅಂದ್ ಕೇಂತ್ರ್."