ಎಂಆರ್‌ಐ ಯಂತ್ರದೊಳಗೆ ಪ್ರಾರ್ಥನೆ

ತಲೆನೋವು ತಿಂಗಳುಗಟ್ಟಲೆ ಬಿಡದೇ ಇದ್ದಾಗ, ಗಡ್ಡೆ ಇದ್ದರೂ ಇರಬಹುದು ಎಂದು ಡಾಕ್ಟರು ಎಂಆರ್‌ಐ ಬರೆದುಕೊಟ್ಟರು. ಗದಗ ಬಿಟ್ಟು ಬಂದು ನಾಗಪುರದ ಫ್ಯಾಕ್ಟರಿಯಲ್ಲಿ ದಿನವೂ ಯಂತ್ರಗಳ ನಡುವೆ ದುಡಿಯುವವನು ನಾನು. ಆದರೂ ಧರಮಪೇಠದ ಸ್ಕ್ಯಾನ್ ಸೆಂಟರಿನಲ್ಲಿ ಆ ಕೊಳವೆಯೊಳಗೆ ಮಲಗಿಸಿದ ಕೂಡಲೇ ಉಸಿರು ಕಟ್ಟಿದಂತಾಯಿತು. ಯಂತ್ರ ಢಗ್ ಢಗ್ ಎಂದು ಬಡಿಯತೊಡಗಿತು.

"ಯೇಸಪ್ಪಾ, ನನ್ನ ಕೈ ಬಿಡಬ್ಯಾಡಪ್ಪಾ!" ಎಂದು ಜೋರಾಗಿಯೇ ಪ್ರಾರ್ಥಿಸಿದೆ.

ಸದ್ದು ನಿಂತಿತು. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಟೆಕ್ನಿಷಿಯನ್ ಹುಡುಗಿ ಮರಾಠಿಯಲ್ಲಿ ಕೇಳಿದಳು: "ಕಾಕಾ, ಮಾತಾಡಿದರೆ ತಲೆ ಅಲುಗಿ ಚಿತ್ರ ಕೆಡುತ್ತದೆ. ಯಾರ ಜೊತೆ ಮಾತಾಡ್ತಿದ್ದೀರಿ?"

ನಾಚಿಕೆಯಾಯಿತು. "ದೇವರ ಜೊತೆ ಬೇಟಾ. ಬಹಳ ಹೆದರಿಕೆ ಆಗ್ತಿದೆ," ಎಂದೆ.

ಅವಳ ದನಿ ಮೆತ್ತಗಾಯಿತು. "ನೀವು ಹೇಳಿದ್ದು ನನಗೇ ಕೇಳಿಸಿತು, ಅವನಿಗೆ ಕೇಳಿಸಿರುವುದಿಲ್ಲವೇ? ಇನ್ನು ಅವನೇನು ಹೇಳುತ್ತಾನೋ ನೀವು ಕೇಳಿ."

ಚಿಕ್ಕಂದಿನಿಂದ ಚರ್ಚಿನಲ್ಲಿ ಬೇಡಿಕೊಂಡೇ ಬಂದವನು ನಾನು. ಸುಮ್ಮನೆ ಕೇಳುತ್ತ ಮಲಗಿದ್ದು ಅಂದೇ ಮೊದಲು. ಯಂತ್ರ ಮತ್ತೆ ಬಡಿಯಿತು. ಯಾವ ದನಿಯೂ ಬರಲಿಲ್ಲ. ಆದರೆ ಯಾರೋ ಪಕ್ಕದಲ್ಲಿ ಕೂತಂತೆ ಅನಿಸಿ, ಉಸಿರು ಮೆಲ್ಲಗೆ ಹದಕ್ಕೆ ಬಂತು.

ಹೊರಬಂದಾಗ ಅವಳು ನಗುತ್ತ, "ಏನಂದ ನಿಮ್ಮ ದೇವರು?" ಎಂದಳು.

"ಏನೂ ಅನ್ನಲಿಲ್ಲ ಬೇಟಾ. ಎದ್ದೂ ಹೋಗಲಿಲ್ಲ."

ಗಡ್ಡೆ ಇತ್ತು. ಆಪರೇಷನ್ ಆಗಿ ಈಗ ಆರಾಮಾಗಿದ್ದೇನೆ. ಹೆದರಿಕೆ ಆಗಾಗ ಬರುತ್ತದೆ, ಬರಲಿ. ಅದರ ಕೈಗೆ ನಾನು ಒಬ್ಬನೇ ಸಿಗುವುದಿಲ್ಲ.