ಗರಿಯಮ್ಮ ನಿಧಾನ ಕಲಿತ ಬಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಲಿಗೆ ಕೋಣೆಯ ಕಿಟಕಿ ಮುಚ್ಚಿದೆ, ಬಾಗಿಲ ಸಂದಿಗೆ ಹಳೇ ಟವೆಲ್ ತುರುಕಿದೆ, ಮರೆತೂ ಯಾರೂ ಒತ್ತಬಾರದೆಂದು ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿದೆ. ಒಳಗೆ ಗರಿಯಮ್ಮ ಮಂಡಿಯೂರಿ ಕೂತಿದ್ದಾರೆ. ಮುಂದೆ ಹೊಟ್ಟೆ ಬಿಚ್ಚಿಕೊಂಡ ಸ್ಲೀಪಿಂಗ್ ಬ್ಯಾಗು, ಪಕ್ಕದ ಬುಟ್ಟಿಯಲ್ಲಿ ಬಾತುಕೋಳಿಯ ಎಳೆಗರಿ. ಬಾಯಿ ಬಿಗಿದು, ಮೂಗಿನಲ್ಲೇ ಮೆಲ್ಲಗೆ ಉಸಿರಾಡುತ್ತಾ, ಹಿಡಿ ಹಿಡಿಯಾಗಿ ಗರಿ ತೆಗೆದು ಚೀಲದ ಒಂದೊಂದು ಪಟ್ಟಿಗೂ ತುಂಬುತ್ತಾರೆ. ಇಲ್ಲಿ ಸೀನುವವರಿಗೆ ಪ್ರವೇಶವಿಲ್ಲ.

"ಒಂದ್ಸಲ ಇವ್ರು ಸೀನಿದ್ರು," ಎಂದು ಹಿತ್ತಲಲ್ಲಿ ಚೀಲ ಒಗೆಯುತ್ತಿರುವ ಗಂಡನ ಕಡೆಗೆ ಗದ್ದ ಚಾಚುತ್ತಾರೆ. "ವಾರಗಟ್ಟಲೆ ಹಾಸಿಗೇಲೂ ಗರಿ, ತಟ್ಟೇಲೂ ಗರಿ, ಇವ್ರ ಮೀಸೇಲೂ ಗರಿ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ಇಲ್ಲಿ ದೊಣ್ಣೇನೂ ಬೇಡ, ಒಂದು ಅಕ್ಷಿ ಸಾಕು!"

ಹಿತ್ತಲಿನಿಂದ ಉತ್ತರ ಬರುತ್ತದೆ: "ಇಪ್ಪತ್ತು ವರ್ಷದಿಂದ ಅದೇ ಸೀನು ಹೇಳ್ತಿದ್ದಾಳೆ. ಮದ್ವೆಯಾದ ಮೇಲೆ ನಾನು ಬೇರೇನೂ ಮಾಡೇ ಇಲ್ಲ ಅನ್ನೋ ಹಾಗೆ."

ಊರು ದೊಡ್ಡ ಪರ್ವತಗಳ ಬುಡದಲ್ಲಿದೆ. ಹಿಮದ ದಾರಿ ಹಿಡಿಯುವವರು ಇಲ್ಲಿನ ಅಂಗಡಿಗಳಲ್ಲಿ ಬೂಟು, ಕೋಲು, ಸ್ಲೀಪಿಂಗ್ ಬ್ಯಾಗು ಬಾಡಿಗೆಗೆ ಪಡೆಯುತ್ತಾರೆ. ಹರಿದದ್ದು, ಜಿಪ್ಪು ಕಿತ್ತದ್ದು, ಗರಿ ಉಂಡೆಗಟ್ಟಿದ್ದು ಎಲ್ಲವೂ ಈ ಕೋಣೆಗೆ ಬರುತ್ತವೆ. ಸೀಸನ್ನಿನಲ್ಲಿ ದಿನಕ್ಕೆ ಐದಾರು. ಮೇಲೆ ಹಿಮದಲ್ಲಿ ಇವುಗಳೊಳಗೆ ಮಲಗುವವರಿಗೆ ಇವರ ಮುಖ ಗೊತ್ತಿಲ್ಲ. ಅಂಗಡಿಯವರಿಗೂ ಇವರು ಬರೀ ಗರಿಯಮ್ಮ.

ಮೊದಲು ಇವರು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದರು. ಕೈ ಎಂದರೆ ಮಿಂಚು, ಕಾಲಿಗೆ ಚಕ್ರ. ಒಮ್ಮೆ ಅಂಗಡಿಯವನೊಬ್ಬ ಹರಿದ ಚೀಲ ತಂದು ಕೊಟ್ಟ. ಇವರು ಭದ್ರವಾಗಿರಲಿ ಎಂದು ಮೇಲಿನ ಬಟ್ಟೆ, ಒಳಗಿನ ಬಟ್ಟೆ ಎರಡನ್ನೂ ಸೇರಿಸಿ ದಡದಡನೆ ಹೊಲಿದುಬಿಟ್ಟರು. ಹೊಲಿಗೆ ಬಿದ್ದಲ್ಲೆಲ್ಲಾ ಗರಿ ಚಪ್ಪಟೆಯಾಯಿತು, ಅಲ್ಲಿಂದಲೇ ಚಳಿ ನುಗ್ಗಿತು.

"ಆ ಚೀಲದಲ್ಲಿ ಮಲಗಿದ ಮನುಷ್ಯ ರಾತ್ರಿಯೆಲ್ಲಾ ನಡುಗಿ ವಾಪಸ್ ಬಂದ, ನಾನು ಅಂಗಡೀಲೇ ಇದ್ದೆ. ಒಂದು ಮಾತೂ ಆಡ್ಲಿಲ್ಲ, ಚೀಲ ಇಟ್ಟು ಹೋದ. ಬೈದಿದ್ರೆ ಮರ್ತೋಗ್ತಿತ್ತು," ಎನ್ನುತ್ತಾರೆ ಗರಿಯಮ್ಮ. ಆಮೇಲೆ ಅಂಗಡಿಯವರು ಎಸೆದ ಚೀಲಗಳನ್ನು ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿ ಕಲಿತರು. ಗರಿಯ ಧೂಳಿಗೆ ಕೆಮ್ಮು ಅಂಟಿಕೊಂಡಿತು, ಬಲಭುಜ ಹಿಡಿದುಕೊಂಡಿತು. ಕೆಮ್ಮು ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಹೋಯಿತು. ಭುಜ ಮಾತ್ರ ಹೋಗುವ ಲಕ್ಷಣ ಕಾಣುತ್ತಿಲ್ಲ.

ಅಂದಿನಿಂದ ಒಂದೇ ಆಸೆ: ಮೇಲಿನ ಕೊನೆಯ ಶಿಬಿರದಲ್ಲಿ, ಹಿಮದ ಮೇಲೆ, ತಾವೇ ಹೊಲಿದ ಚೀಲದಲ್ಲಿ ಒಂದು ರಾತ್ರಿ ಮಲಗಬೇಕು. ಈ ಸಲ ಅದಕ್ಕೆ ದಾರಿಯೂ ತೆರೆದಿದೆ. ಚಾರಣದ ಗೈಡ್ ಆಗಿರುವ ಮಗಳು ಮೊದಲ ಬಾರಿಗೆ ತಂಡದ ಮುಖ್ಯಸ್ಥೆಯಾಗಿ ಹೊರಡುತ್ತಿದ್ದಾಳೆ. ಅಮ್ಮನಿಗೆ ಸೀಟು ಗ್ಯಾರಂಟಿ ಎಂದುಕೊಂಡವರಿಗೆ ಮಗಳ ಸ್ವಭಾವ ಗೊತ್ತಿಲ್ಲ.

ಬಸ್ ಡಿಪೋ ಹಿಂದೆ ನೀರಿನ ಟ್ಯಾಂಕಿನ ಗುಡ್ಡವಿದೆ. ತಂಡದವರೆಲ್ಲಾ ಬೆನ್ನಿಗೆ ಭಾರ ಹೊತ್ತು ಅದನ್ನು ಹತ್ತಿ ತೋರಿಸಬೇಕು. ಗರಿಯಮ್ಮ ಎರಡು ಸಲ ಹತ್ತಿದರು. ಎರಡು ಸಲವೂ ಹುಡುಗರನ್ನೆಲ್ಲಾ ಹಿಂದೆ ಹಾಕಿ, ಏದುಸಿರು ಬಿಡುತ್ತಾ, ಎಲ್ಲರಿಗಿಂತ ಮೊದಲು ಟ್ಯಾಂಕು ಮುಟ್ಟಿದರು. ಎರಡು ಸಲವೂ ಫೇಲಾದರು!

"ಮೇಲೆ ಗಾಳಿ ತೆಳು. ಅಲ್ಲಿ ಓಡಿದವರಿಗೇ ಮೊದ್ಲು ತಲೆನೋವು, ವಾಂತಿ," ಎನ್ನುತ್ತಾಳೆ ಮಗಳು. "ಬೇರೆಯವರಿಗಾದ್ರೆ ಬರಬೇಡಿ ಅಂತೀನಿ. ಅಮ್ಮನಿಗೂ ಅದೇ. ಇಡೀ ತಂಡ ನನ್ನ ತಲೆ ಮೇಲಿದೆ."

ಗರಿಯಮ್ಮ ಎರಡು ದಿನ ಮಗಳೊಂದಿಗೆ ಮಾತು ಬಿಟ್ಟರು. "ನಿಧಾನವೇ ಪ್ರಧಾನ ಅನ್ನೋದು ಸೋಮಾರಿಗಳು ಕಟ್ಟಿದ ಗಾದೆ," ಎಂದು ಗಂಡನ ಮುಂದೆ ಗೊಣಗಿದರು. ಅವರು ಒದ್ದೆ ಚೀಲ ಹಿಂಡುತ್ತಾ ಸಹಜವಾಗಿ ಕೇಳಿದರು: "ಗರಿ ಕೋಣೇಲಿ ಮಾತ್ರ ಬೆಕ್ಕಿನ ಥರ ನಡೀತೀಯಲ್ಲ, ಅಲ್ಲಿ ಯಾರು ಗಾದೆ ಹೇಳ್ಕೊಟ್ರು?"

ಅಂದು ರಾತ್ರಿ ಗರಿಯಮ್ಮ ಎರಡು ತುತ್ತು ಹೆಚ್ಚಾಗಿಯೇ ಉಂಡರು.

ಇವತ್ತು ಮೂರನೆಯ ಸಲ, ಕೊನೆಯ ಅವಕಾಶ. ಇವತ್ತೂ ಫೇಲಾದರೆ ಮಗಳು ಬೇರೆಯವರನ್ನು ಸೇರಿಸಿಕೊಳ್ಳುತ್ತಾಳೆ. ಚೀಲದ ಕೊನೆಯ ಪಟ್ಟಿ ತುಂಬಿ, ಬಾಯಿ ಹೊಲಿದು, ಗರಿಯಮ್ಮ ಬೂಟು ಬಿಗಿಯುತ್ತಾರೆ. ಗುಡ್ಡದ ಬುಡದಲ್ಲಿ ತಂಡದ ತರುಣರು, "ಅಮ್ಮಾ, ಇವತ್ತು ಗುಡ್ಡಾನ ನಮಗೂ ಸ್ವಲ್ಪ ಉಳಿಸಿ!" ಎಂದು ಕೆಣಕುತ್ತಾರೆ. ಗರಿಯಮ್ಮ ನಕ್ಕು ದಾರಿ ಬಿಡುತ್ತಾರೆ.

ಹತ್ತುವುದನ್ನು ನೋಡಬೇಕು. ಮುಂದೆ ಬುಟ್ಟಿ ತುಂಬ ಎಳೆಗರಿ ಇದೆಯೇನೋ, ಗಾಳಿ ಎದ್ದರೆ ಹಾರಿಹೋಗುತ್ತದೇನೋ ಎಂಬಂತೆ ಹೆಜ್ಜೆ ಇಡುತ್ತಾರೆ. ಬಾಯಿ ಮುಚ್ಚಿದೆ, ಉಸಿರು ಮೂಗಿನಲ್ಲೇ. ಒಬ್ಬೊಬ್ಬರೇ ಅವರನ್ನು ದಾಟಿ ಹೋಗುತ್ತಾರೆ. ಅರ್ಧ ದಾರಿಯಲ್ಲಿ ತಂಡದಲ್ಲಿದ್ದ ದಪ್ಪನೆಯ ಗುಮಾಸ್ತರೊಬ್ಬರು ದಾಟುವಾಗ ಗರಿಯಮ್ಮನ ಕಾಲು ಒಮ್ಮೆ ತುಡಿಯುತ್ತದೆ. ತಡೆದುಕೊಳ್ಳುತ್ತಾರೆ. ಹೆಜ್ಜೆ ಬದಲಾಗುವುದಿಲ್ಲ.

ಟ್ಯಾಂಕಿನ ಕಟ್ಟೆ ಮುಟ್ಟುವಾಗ ಎಲ್ಲರೂ ಬೆವರು ಒರೆಸಿ ಕೂತಾಗಿದೆ. ಮಗಳು ಎದ್ದು ಬರುತ್ತಾಳೆ. ಅವಳ ಪರೀಕ್ಷೆ ಸರಳ: ಮೇಲೆ ಬಂದ ತಕ್ಷಣ ನಿಲ್ಲದೆ ಮಾತಾಡಬೇಕು. "ಏನಾದ್ರೂ ಹೇಳಮ್ಮ."

"ಏನು ಹೇಳ್ಲಿ? ಹೆತ್ತ ತಾಯಿನ ಎರಡು ಸಲ ಫೇಲ್ ಮಾಡಿದೀಯ, ನಿನ್ನೆ ತೊಳ್ಯೋ ಪಾತ್ರೆ ಹಾಗೇ ಬಿಟ್ಟಿದೀಯ, ಜಾಕೆಟ್ಟಿನ ಜಿಪ್ಪು ಕಿತ್ತೋಗಿ ತಿಂಗಳಾಯ್ತು, ಹೊಲಿಗೆಯವಳ ಮಗಳು ಅಂತ ಹೇಳ್ಕೊಳ್ಳೋಕೆ ನಾಚಿಕೆ ಬೇಡ್ವಾ ನಿಂಗೆ?"

ಒಂದೇ ಉಸಿರು! ಎಲ್ಲೂ ಏದಲಿಲ್ಲ, ಎಲ್ಲೂ ತಡವರಿಸಲಿಲ್ಲ. ಕಟ್ಟೆಯ ಮೇಲಿನವರು ಗೊಳ್ಳೆಂದು ನಗುತ್ತಾರೆ. ಮಗಳ ಕಣ್ಣು ತುಂಬಿದೆ. ಆದರೂ ಗೈಡಿನ ಗತ್ತು ಬಿಡದೆ ಹೇಳುತ್ತಾಳೆ: "ಪಾಸು. ಸಾಲಲ್ಲಿ ನನ್ನ ಹಿಂದೇನೇ ಇರ್ಬೇಕು."

ಮಧ್ಯಾಹ್ನ ಗರಿಯಮ್ಮ ಮತ್ತೆ ಕೋಣೆಯಲ್ಲಿದ್ದಾರೆ. ಬೆಳಿಗ್ಗೆ ತುಂಬಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಗರಿ ಹರಡಲೆಂದು ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದಾರೆ. ಮೇಲಕ್ಕೆ ಹೊತ್ತೊಯ್ಯುವುದು ಇದನ್ನೇ. ಅಂಗಡಿಗಳಲ್ಲಿ ಹೊಸ ಚೀಲಗಳಿವೆಯಲ್ಲ, ಅಲ್ಲಿ ಚಳಿಯಾದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಸೂಜಿ ಪೋಣಿಸುತ್ತಲೇ ಉತ್ತರಿಸುತ್ತಾರೆ.

"ಚಳಿಯಾದ್ರೆ ಅವತ್ತಿನ ಆ ಮನುಷ್ಯನ ಥರ ನಾನೂ ಬಾಯಿ ಮುಚ್ಕೊಂಡು ಇಳಿದು ಬರ್ತೀನಿ. ಆದ್ರೆ ಚಳಿ ಆಗಲ್ಲ ಬಿಡಿ. ಇದು ನಾನು ಹೊಲಿದದ್ದು."